ಲಟ್ಟಣಿಗೆ ಮುರಿದದ್ದು ಎಲ್ಲಿ

ನಾನು ಹೊಡೆಯುವ ತಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಹೆಂಗಸು ನಮ್ಮನ್ನು ಯಾಮಾರಿಸಿದಳು ಅನ್ನಬೇಡಿ. ಮೈಸೂರಿನಲ್ಲಿ ನಮ್ಮಮ್ಮ ನನಗೆ ಹುಣಸೆ ಬರಲಿನಲ್ಲಿ ಬಾರಿಸುತ್ತಿದ್ದಳು. ಅವಳು ಬರಲಿನ ಎಲೆ ಸವರಿ ಹದ ಮಾಡಿಕೊಳ್ಳುವುದನ್ನು ನಾನು ಎದುರಿಗೇ ನಿಂತು ನೋಡಬೇಕಿತ್ತು. ದೋಹಾದಲ್ಲಿ ಹುಣಸೆ ಮರ ಎಲ್ಲಿಂದ ತರಲಿ? ಕೈಗೆ ಸಿಕ್ಕಿದ್ದರಲ್ಲಿ ಹೊಡೆದೆ. ಸೌಟು, ಬಟ್ಟೆಯ ಹ್ಯಾಂಗರ್, ಚಪ್ಪಲಿ, ಫೋನಿನ ಚಾರ್ಜರ್ ವೈರು. ವೈರಿನ ಏಟು ಬಿದ್ದ ಕಡೆ ಮೊದಲು ಬಿಳಿ ಗೆರೆ ಏಳುತ್ತದೆ, ಆಮೇಲೆ ಕೆಂಪಗೆ ಉಬ್ಬಿಕೊಳ್ಳುತ್ತದೆ. ತೊಡೆಯ ಹಿಂಭಾಗಕ್ಕೆ ಹೊಡೆದರೆ ಶಾಲೆಯ ಸ್ಕರ್ಟಿನಲ್ಲಿ ಮುಚ್ಚಿಹೋಗುತ್ತದೆ ಅನ್ನುವುದೂ ನನಗೆ ಗೊತ್ತಿತ್ತು.

ಇರುವವಳು ಒಬ್ಬಳೇ ಮಗಳು. ಇಲ್ಲೇ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾತಾಡುವವಳು. ನಮ್ಮದು ಬಿನ್ ಮಹಮೂದ್‌ನ ಹಳೆಯ ಕಟ್ಟಡವೊಂದರಲ್ಲಿ ಎರಡು ಕೋಣೆಯ ಫ್ಲಾಟು. ನಾನು ಅವಳ ಮೇಲೆ ಕೈ ಎತ್ತಿದ ಕೂಡಲೇ ನನ್ನ ಗಂಡ ರಿಮೋಟ್ ತೆಗೆದುಕೊಂಡು ಟಿವಿಯ ಸೌಂಡ್ ಜಾಸ್ತಿ ಮಾಡುತ್ತಿದ್ದರು. ಅಕ್ಕಪಕ್ಕದವರಿಗೆ ಕೇಳಬಾರದು ಅಂತಲೋ, ತನಗೇ ಕೇಳಬಾರದು ಅಂತಲೋ, ಆ ಪುಣ್ಯಾತ್ಮನನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದೆಲ್ಲ ನಮಗೆ ತಮಾಷೆಯ ವಿಷಯವಾಗಿತ್ತು. ಶುಕ್ರವಾರ ಮಧ್ಯಾಹ್ನ ಐದಾರು ಕನ್ನಡ ಸಂಸಾರಗಳು ಒಬ್ಬರ ಮನೆಯಲ್ಲಿ ಊಟಕ್ಕೆ ಸೇರುತ್ತೇವೆ. ಹೆಚ್ಚಾಗಿ ಅಲ್ ವುಕೈರ್‌ನಲ್ಲೇ, ಅಲ್ಲಿನ ಹೊಸ ಫ್ಲಾಟುಗಳಲ್ಲಿ ಎಲ್ಲರೂ ಕೂರುವಷ್ಟು ಜಾಗವಿದೆ. ಬಿಸಿಬೇಳೆ ಬಾತ್ ಮುಗಿದು ಮೊಸರನ್ನಕ್ಕೆ ಬರುವ ಹೊತ್ತಿಗೆ ಏಟಿನ ಕಥೆಗಳು ಶುರುವಾಗುತ್ತವೆ. ಉಡುಪಿ ಕಡೆಯ ಕ್ಯಾಥೊಲಿಕ್ ಗೃಹಸ್ಥರೊಬ್ಬರು ಅಪ್ಪನ ನಾಗರಬೆತ್ತದ ಕಥೆ ತೆಗೆಯುತ್ತಾರೆ. "ಒಂದೊಂದು ಪೆಟ್ಟಿಗೂ ಥ್ಯಾಂಕ್ಯೂ ಪಪ್ಪಾ ಹೇಳ್ಬೇಕಿತ್ತು ಮಾರಾಯ್ರೆ, ಹೇಳದಿದ್ರೆ ಆ ಪೆಟ್ಟು ಲೆಕ್ಕಕ್ಕೇ ಇಲ್ಲ!" ಇನ್ನೊಬ್ಬರು ತಮ್ಮ ಮೇಷ್ಟರು ಕಿವಿ ಹಿಡಿದು ನೆಲದಿಂದ ಎತ್ತಿದ್ದನ್ನು ಎದ್ದು ನಿಂತು ಆಡಿ ತೋರಿಸುತ್ತಾರೆ. ಹೆಚ್ಚು ನಗಿಸಿದವರೇ ಗೆದ್ದ ಹಾಗೆ. ಪ್ರತಿ ಸಲ ಗೆಲ್ಲುತ್ತಿದ್ದವಳು ನಾನು.

ನನ್ನ ಕಥೆ ಇದು. ಮಗಳಿಗೆ ಏಳು ವರ್ಷ. ಒಂದು ವಾರ ಪೂರ್ತಿ ಊಟದ ಡಬ್ಬಿಯ ಚಪಾತಿಗಳನ್ನು ವಾಷಿಂಗ್ ಮಷೀನಿನ ಹಿಂದೆ ತುರುಕಿ, ದಿನಾ "ತಿಂದೆ ಅಮ್ಮ" ಅಂತ ಸುಳ್ಳು ಹೇಳಿದ್ದಳು. ಏನೋ ವಾಸನೆ ಬರುತ್ತಿದೆಯಲ್ಲ ಅಂತ ಬಗ್ಗಿ ನೋಡಿದರೆ ಬೂಷ್ಟು ಹಿಡಿದ ಚಪಾತಿಯ ರಾಶಿ. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಬೀಸಿದೆ. ಅವಳು ತಪ್ಪಿಸಿಕೊಂಡಳು, ಲಟ್ಟಣಿಗೆ ಗೋಡೆಗೆ ಬಡಿದು ಎರಡು ತುಂಡಾಯಿತು. ಮುಂದಿನ ವಾರ ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದೇನೆ, ಈ ಹುಡುಗಿ ಹೊಸ ಲಟ್ಟಣಿಗೆಯೊಂದನ್ನು ತಂದು ಒಳಗೆ ಹಾಕಿ ಏನನ್ನಬೇಕು? ಇಲ್ಲಿಗೆ ನಾನು ನಿಲ್ಲಿಸುತ್ತಿದ್ದೆ. ಕೊನೆಯ ಮಾತು ಮಗಳದ್ದು. ಯಾವ ಕೋಣೆಯಲ್ಲಿದ್ದರೂ ಓಡಿ ಬಂದು, "ಅಮ್ಮ, ಇದು ತಗೋ, ಇದು ಗಟ್ಟಿ ಇದೆ!" ಅನ್ನುತ್ತಿದ್ದಳು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಂಟನೆಯ ವಯಸ್ಸಿನಲ್ಲಿ ಹೇಳಿದಳು, ಹದಿಮೂರರಲ್ಲಿ ಹೇಳಿದಳು, ಹದಿನೇಳರಲ್ಲೂ ಹೇಳಿದಳು. ಆ ಕೊನೆಯ ಸಲ ಫೋನಿನಿಂದ ತಲೆ ಎತ್ತಿರಲಿಲ್ಲ, ಅಷ್ಟೇ.

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುತ್ತೇನೆ. ಹೋದ ವರ್ಷ ಮಗಳಿಗೂ ಅಲ್ಲೇ ಸೀಟು ಸಿಕ್ಕಿತು. ಸುದ್ದಿ ಬಂದ ದಿನ ನಾನು ಆಫೀಸಿನ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ, ಸಂತೋಷಕ್ಕೆ. ಅವತ್ತೇ ಸಂಜೆ ಅವಳು ಹಾಸ್ಟೆಲ್ಲಿಗೆ ಹೋಗುತ್ತೇನೆ ಅಂದಳು.

"ಹಾಸ್ಟೆಲ್ಲಾ? ಕಾರಲ್ಲಿ ಇಪ್ಪತ್ತು ನಿಮಿಷ ಕಣೇ! ನಾನೇ ದಿನಾ ಹೋಗಿ ಬರ್ತಿಲ್ವಾ? ಜನ ಏನಂತಾರೆ?"

"ಜನ ಏನೂ ಅನ್ನಲ್ಲ ಅಮ್ಮ. ಪೇರೆಂಟ್ ಅಪ್ರೂವಲ್ ಬೇಕು, ಅಷ್ಟೇ. ನಿನ್ ಫೋನಿಗೆ ಬಂದಿದೆ. ಜಸ್ಟ್ ಒತ್ತು."

"ಒತ್ತಲ್ಲ. ಖಲಾಸ್. ಇನ್ನೊಂದ್ಸಲ ಆ ಮಾತು ಎತ್ತಿದ್ರೆ ನೋಡು."

ಎತ್ತಿದಳು. ಬೇಸಿಗೆಯುದ್ದಕ್ಕೂ ಎತ್ತಿದಳು. ಒಂದು ಸಲ ನೀರಿನ ಸ್ಟೀಲ್ ಲೋಟ ಎಸೆದೆ, ಅದು ಅವಳ ಕಿವಿಯ ಪಕ್ಕದಲ್ಲಿ ಹಾದು ಅಡುಗೆಮನೆಯ ಟೈಲ್ಸ್ ಒಡೆಯಿತು. ಮನೆಯಲ್ಲಿ ನಿನಗೆ ಏನು ಕಡಿಮೆಯಾಗಿದೆ ಅಂತ ಅರಚಿದೆ. ಅವಳು ಹೋದರೆ ಮತ್ತೆ ಈ ಮನೆಗೆ ವಾಸಕ್ಕೆ ಬರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆ ಹೆದರಿಕೆಗೆ ನನ್ನ ಕೈ ಇನ್ನಷ್ಟು ಬೇಗ ಏಳುತ್ತಿತ್ತು. ಎಂಥ ಹುಚ್ಚಿ ನೋಡಿ, ಉಳಿಸಿಕೊಳ್ಳುವುದಕ್ಕೂ ಹೊಡೆಯುವುದೊಂದೇ ಗೊತ್ತಿದ್ದದ್ದು.

ನಮ್ಮ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷಕ್ಕೆ ಸೇರುವ ಮಕ್ಕಳೆಲ್ಲ ರಜೆಯಲ್ಲಿ ಒಂದೇ ಪುಸ್ತಕ ಓದಿಕೊಂಡು ಬರಬೇಕು. ತರಗತಿಗಳು ಶುರುವಾಗುವ ವಾರ ಅವರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಸಿಬ್ಬಂದಿಯಲ್ಲಿ ಒಬ್ಬರನ್ನು ಕೂರಿಸಿ, ಒಂದೂವರೆ ಗಂಟೆ ಆ ಪುಸ್ತಕದ ಬಗ್ಗೆ ಮಾತಾಡಿಸುತ್ತಾರೆ. ಪರೀಕ್ಷೆ ಇಲ್ಲ, ಅಂಕ ಇಲ್ಲ. ಬೇರೆ ಬೇರೆ ದೇಶದ ಮಕ್ಕಳು, ಒಬ್ಬರಿಗೊಬ್ಬರು ಅಪರಿಚಿತರು, ಮಾತಿಗೆ ಏನಾದರೂ ಒಂದು ಇರಲಿ ಅಂತ. ಆ ವರ್ಷ ಗುಂಪು ನಡೆಸುವುದಕ್ಕೆ ನಾನೂ ಹೆಸರು ಕೊಟ್ಟೆ. ಸಿಬ್ಬಂದಿಯ ಮಕ್ಕಳನ್ನು ಅವರವರ ತಂದೆತಾಯಿಯ ಗುಂಪಿಗೆ ಹಾಕಬಾರದು ಅಂತ ನಿಯಮವಿದೆ. ಆದರೆ ಪಟ್ಟಿ ಮಾಡುವವಳು ನಾನೇ ತಾನೇ? ಮಗಳನ್ನು ನನ್ನ ಗುಂಪಿಗೇ ಹಾಕಿಕೊಂಡೆ. ಮನೆಯಲ್ಲಿ ನನ್ನ ಜೊತೆ ಎರಡು ಮಾತಾಡದವಳು ನಾಲ್ಕು ಜನರ ನಡುವೆ ಹೇಗೆ ಮಾತಾಡುತ್ತಾಳೆ, ಒಂದು ಸಲ ನೋಡುವ ಆಸೆ ನನಗೆ. ಗೊತ್ತಾದಾಗ ಅವಳು ಕೂಗಾಡಲಿಲ್ಲ. "ನೀನು ನನ್ನಮ್ಮ ಅಂತ ಅಲ್ಲಿ ಯಾರಿಗೂ ಹೇಳ್ಬೇಡ, ಪ್ಲೀಸ್," ಅಂದಳು.

ಪುಸ್ತಕ ಯಾವುದೋ ಚಳಿ ದೇಶದ ಹೆಂಗಸೊಬ್ಬಳದ್ದು. ಮೀನು ಹಿಡಿಯುವ ಊರು. ತಾಯಿ ಒದ್ದೆ ಹಗ್ಗದಲ್ಲಿ ಹೊಡೆಯುತ್ತಾಳೆ, ಉಪ್ಪು ಮೀನಿನ ಕೋಣೆಯಲ್ಲಿ ಕೂಡಿ ಹಾಕುತ್ತಾಳೆ, ಒಂದು ದಿನ ಹುಡುಗಿಯ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆಯುತ್ತಾಳೆ. ಮೂಳೆಯ ಶಬ್ದ ಹೇಗಿತ್ತು ಅಂತ ಅರ್ಧ ಪುಟ ಬರೆದಿದ್ದಾಳೆ. ಆಫೀಸಿನ ಊಟದ ಬಿಡುವುಗಳಲ್ಲಿ ಓದಿ ಮುಗಿಸಿ ನನಗೆ ಮೈ ಉರಿದುಹೋಯಿತು. ಹೆತ್ತವಳ ಮಾನ ಹೀಗೆ ಬೀದಿಯಲ್ಲಿ ಹರಾಜಿಗಿಡುವುದಾ? ಹೋಗಲಿ, ನಮ್ಮ ಮೈಸೂರಿನ ಬೀದಿಯಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಇಂಥ ಕಥೆ ನಾಲ್ಕು ಸಿಗುತ್ತಿದ್ದವು, ಯಾರು ಪುಸ್ತಕ ಬರೆದರು? ಮಕ್ಕಳಿಗೆ ಇದನ್ನೆಲ್ಲ ಸ್ವಲ್ಪ ಹಗುರ ಮಾಡಿ ತೋರಿಸಬೇಕು ಅಂತ ತೀರ್ಮಾನಿಸಿದೆ. ಗುಂಪು ನಡೆಸುವವರು ಮೊದಲು ತಮ್ಮ ಬದುಕಿನದ್ದೊಂದು ಸಂಗತಿ ಹೇಳಿ, ಆಗ ಮಕ್ಕಳು ಬಾಯಿ ಬಿಡುತ್ತಾರೆ ಅಂತ ನಮಗೆ ಹೇಳಿಕೊಟ್ಟಿದ್ದರು. ನನ್ನ ಹತ್ತಿರ ಗೆಲ್ಲುವ ಕಥೆ ಇತ್ತಲ್ಲ.

ಗುರುವಾರ ಮಧ್ಯಾಹ್ನ ಕುರ್ಚಿಗಳನ್ನು ದುಂಡಗೆ ಹಾಕಿ ಕೂತೆವು. ಮಗಳು ನನ್ನ ಎದುರಿಗೇ, ಉದ್ದ ತೋಳಿನ ಶರ್ಟು ಹಾಕಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ನಮ್ಮ ದೇಶದಲ್ಲಿ ಹೊಡೆಯುವುದೂ ಒಂದು ಪ್ರೀತಿ, ನೋಡಿ ನನಗೂ ಒಬ್ಬ ಮಗಳಿದ್ದಾಳೆ ಅಂತ ಪೀಠಿಕೆ ಹಾಕಿದೆ. ಚಪಾತಿ, ವಾಷಿಂಗ್ ಮಷೀನು, ವಾಸನೆ, ಎಲ್ಲ ಹೇಳಿದೆ. ಲಟ್ಟಣಿಗೆ ಬೀಸಿದ್ದನ್ನು ಕೈಯೆತ್ತಿ ತೋರಿಸಿದೆ. ಪಕ್ಕದಲ್ಲಿದ್ದ ಹುಡುಗನೊಬ್ಬ ತಟ್ಟನೆ ಹಿಂದಕ್ಕೆ ಸರಿದ. ಸೂಪರ್ ಮಾರ್ಕೆಟ್ಟಿಗೆ ಬಂದು, ಅಭ್ಯಾಸಬಲದಿಂದ, ಕೊನೆಯ ಮಾತಿಗೆ ಮುಂಚೆ ನಿಲ್ಲಿಸಿದೆ. ಯಾರೂ ಅದನ್ನು ಹೇಳಲಿಲ್ಲ. ನಾನೇ ಹೇಳಿ ನಾನೇ ನಕ್ಕೆ.

ಒಬ್ಬರೂ ನಗಲಿಲ್ಲ. ಅಬಾಯಾ ನಿಲುವಂಗಿ ತೊಟ್ಟ ಕತಾರಿ ಹುಡುಗಿಯೊಬ್ಬಳು, ತುಂಬ ಮರ್ಯಾದೆಯಿಂದ, "ಮೇಡಂ, ಆ ಮಗಳು ಈಗ ಎಲ್ಲಿದ್ದಾಳೆ? ಚೆನ್ನಾಗಿದ್ದಾಳಾ?" ಅಂತ ಕೇಳಿದಳು.

"ಚೆನ್ನಾಗಿಲ್ಲದೆ ಏನು? ಕಾಲೇಜಿಗೆ ಸೇರಿದ್ದಾಳೆ. ಹೊಡೆದಿದ್ದಕ್ಕೇ ಓದಿದಳು," ಅಂದೆ.

ಆಗ ನನ್ನ ಮಗಳು ಕೈ ಎತ್ತಿದಳು. ಶಾಲೆಯಲ್ಲಿ ಎತ್ತುವ ಹಾಗೆ. "ಮೇಡಂ," ಅಂದಳು. ನನ್ನನ್ನು ಮೇಡಂ ಅಂದಳು! "ಲಟ್ಟಣಿಗೆ ಗೋಡೆಗೆ ಬಡಿದು ಮುರೀತು ಅಂದ್ರಲ್ಲ. ನಿಮಗೆ ಸರಿಯಾಗಿ ನೆನಪಿದ್ಯಾ?"

ನೆನಪಿದೆ ಅಂದೆ.

ಅವಳು ಶರ್ಟಿನ ಎಡ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ ಕೈಯನ್ನು ಮುಂದಕ್ಕೆ ಚಾಚಿದಳು. ಅದು ಪೂರ್ತಿ ನೇರವಾಗುವುದಿಲ್ಲ, ಮೊಣಕೈಯಲ್ಲಿ ಸ್ವಲ್ಪ ಸೊಟ್ಟಗೇ ನಿಲ್ಲುತ್ತದೆ. "ಇದಕ್ಕೆ ಬಡಿದು ಮುರೀತು," ಅಂದಳು. "ಆ ಮಗಳು ನಾನು."

ಸುಳ್ಳಲ್ಲ. ಲಟ್ಟಣಿಗೆ ಮುರಿದದ್ದು ಅವಳ ಮೊಣಕೈಯ ಮೇಲೆ. ಎರಡೂ ಒಟ್ಟಿಗೆ ಮುರಿದವು. ನಾನು ಮೊದಲ ಏಟಿಗೆ ನಿಲ್ಲಿಸಿರಲಿಲ್ಲ, ಕೈಯಲ್ಲಿ ಉಳಿದ ತುಂಡಿನಲ್ಲೇ ಬೆನ್ನಿಗೆ ಇನ್ನೆರಡು ಕೊಟ್ಟಿದ್ದೆ. ಆಸ್ಪತ್ರೆಯಲ್ಲಿ ಮಂಚದಿಂದ ಬಿದ್ದಳು ಅಂದೆ, ಅವಳೂ ತಲೆಯಾಡಿಸಿದಳು. ಮುಂದಿನ ವಾರ ಹೊಸ ಲಟ್ಟಣಿಗೆಯನ್ನು ಟ್ರಾಲಿಗೆ ಹಾಕಿದ್ದು ಬಲಗೈಯಲ್ಲಿ, ಎಡಗೈ ಪ್ಲಾಸ್ಟರಿನಲ್ಲಿತ್ತು. ಶುಕ್ರವಾರದ ಊಟಕ್ಕೆ ಒಯ್ಯುವ ಮೊದಲು ಕಥೆಯಿಂದ ಆ ಪ್ಲಾಸ್ಟರನ್ನು ತೆಗೆದು ಗೋಡೆಯನ್ನು ಸೇರಿಸಿದವಳು ನಾನು. ಎಷ್ಟು ಸಲ ಹೇಳಿದೆನೆಂದರೆ ಆಮೇಲಾಮೇಲೆ ನನಗೇ ಗೋಡೆ ಕಾಣುತ್ತಿತ್ತು.

ಕತಾರಿ ಹುಡುಗಿ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ನನ್ನ ಮಗಳ ಪಕ್ಕದಲ್ಲಿ ಕೂತಳು. ಉಳಿದ ಒಂದು ಗಂಟೆ ಮಕ್ಕಳು ತಾವೇ ಮಾತಾಡಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆಗಲಾದರೂ ಬುದ್ಧಿ ಬಂತೇ? ಎಲ್ಲಿಯ ಬುದ್ಧಿ! ಮನೆ ಸೇರುವವರೆಗೂ ಸ್ಟೀರಿಂಗನ್ನು ಗುದ್ದಿಕೊಂಡೇ ಬಂದೆ. ಅವಳು ಟ್ಯಾಕ್ಸಿಯಲ್ಲಿ ನನಗಿಂತ ಮೊದಲೇ ಬಂದು ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದಳು. ಅವಳ ಅಪ್ಪ ಮುಶೈರಿಬ್‌ನ ಆಫೀಸಿನಿಂದ ಆಗ ತಾನೇ ಬಂದು ಸೋಫಾದಲ್ಲಿ ಕೂತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಅವಳ ಜುಟ್ಟು ಹಿಡಿದು ತಿರುಗಿಸಿದೆ.

"ಮಾನ ತೆಗೆದ್ಯಲ್ಲೇ! ಕಂಡೋರ ಮಕ್ಕಳ ಮುಂದೆ ನನ್ನ ಮಾನ ತೆಗೆದ್ಯಲ್ಲೇ! ನಾನು ಅಲ್ಲಿ ಕೆಲಸ ಮಾಡ್ಬೇಕು ಕಣೇ!"

ಕೆನ್ನೆಗೆ ಬಾರಿಸಿದೆ. ಅವಳು ಅಲುಗಾಡಲಿಲ್ಲ. ಅದೇ ಕೆನ್ನೆಗೆ ಇನ್ನೊಂದು ಕೊಟ್ಟೆ, ನನ್ನ ಉಂಗುರ ತಾಗಿ ತುಟಿ ಒಡೆಯಿತು. ಹಾಲ್‌ನ ಟಿವಿಯಲ್ಲಿ ವಾರ್ತೆ ಓದುವವಳ ದನಿ ಜೋರಾಯಿತು. ಮಗಳು ತುಟಿ ಒರೆಸಿಕೊಂಡು ನನ್ನ ಮುಖವನ್ನೇ ನೋಡಿ, "ಇದನ್ನ ಹೇಗೆ ಹೇಳ್ತೀಯಾ ಅಮ್ಮ? ಇದರಲ್ಲಿ ಗೋಡೆ ಎಲ್ಲಿ ಹಾಕ್ತೀಯಾ?" ಅಂದಳು.

ಮಂಚದ ಮೇಲೆ ಆ ಪುಸ್ತಕ ಬಿದ್ದಿತ್ತು, ಗಟ್ಟಿ ರಟ್ಟಿನದ್ದು. ಎತ್ತಿ ಬೀಸಿ ಎಸೆದೆ. ಎಸೆದ ಮೇಲೆ ಗೊತ್ತಾಯಿತು ಎಷ್ಟು ಜೋರಾಗಿ ಎಸೆದೆ ಅಂತ. ಅದರ ಮೂಲೆ ಅವಳ ಎಡಹುಬ್ಬಿಗೆ ಹೊಡೆಯಿತು. ಚರ್ಮ ಬಿರಿದು ರಕ್ತ ಕಣ್ಣಿನ ಮೇಲೆ, ಕೆನ್ನೆಯ ಮೇಲೆ, ಮಡಚಿಟ್ಟ ಬಟ್ಟೆಗಳ ಮೇಲೆ ಧಾರಾಕಾರವಾಗಿ ಇಳಿಯಿತು. ಕಣ್ಣೇ ಹೋಯಿತು ಅಂದುಕೊಂಡೆ. ದೇವರೇ ಅಂತ ಕಿರುಚಿ ಅವಳ ತಲೆಯನ್ನು ಹಿಡಿದುಕೊಂಡೆ. ಅವಳ ಅಪ್ಪ ಬಾಗಿಲಲ್ಲಿ ರಿಮೋಟ್ ಹಿಡಿದುಕೊಂಡು ನಿಂತಿದ್ದರು. "ಟವೆಲ್ ತನ್ರೀ!" ಅಂತ ಕೂಗಿದೆ.

ನಮ್ಮ ಬೀದಿಯ ಕೊನೆಯಲ್ಲೇ ಕ್ಲಿನಿಕ್ಕಿದೆ. ಟವೆಲ್ ಒತ್ತಿ ಹಿಡಿದು ನಡೆಸಿಕೊಂಡೇ ಹೋದೆ. ಮಲಯಾಳಿ ಡಾಕ್ಟರಮ್ಮ ಟವೆಲ್ ಸರಿಸಿ ನೋಡಿ, ಕಣ್ಣಿಗೇನೂ ಆಗಿಲ್ಲ, ನಾಲ್ಕೈದು ಹೊಲಿಗೆ ಬೇಕು ಅಂದರು. ಆಮೇಲೆ, "ಏನಾಯ್ತು ಮೋಳೆ?" ಅಂತ, ತಮ್ಮ ಭಾಷೆಯಲ್ಲಿ ಮಗಳೇ ಅಂತ ಕರೆದು ವಿಚಾರಿಸಿದರು.

"ಕಬೋರ್ಡ್ ಡೋರ್ ಡಾಕ್ಟರ್," ಅಂದಳು ನನ್ನ ಮಗಳು, ಒಂದು ಕ್ಷಣವೂ ತಡೆಯದೆ. "ತೆಗೆದಿಟ್ಟು ಮರೆತಿದ್ದೆ. ಬಗ್ಗಿ ಎದ್ದೆ, ಠಪ್ ಅಂತ! ನಾನು ಯಾವಾಗ್ಲೂ ಹೀಗೇ." ಹೇಳಿ ಒಂದು ಸಣ್ಣ ನಗೆ ನಕ್ಕಳು.

ಆ ನಗೆ ನನಗೆ ಗೊತ್ತು. ಅಲ್ ವುಕೈರ್‌ನ ಊಟಗಳಲ್ಲಿ ನಗುತ್ತಿದ್ದದ್ದು ಅದೇ. ಹೊಸ ಗಾಯಕ್ಕೆ ಹೊಸ ಸುಳ್ಳು, ಅದಕ್ಕೊಂದು ನಗು, ಎಲ್ಲ ಅವಳ ಹತ್ತಿರ ತಯಾರಾಗಿ ಇತ್ತು. ಎಷ್ಟು ಟೀಚರುಗಳಿಗೆ ಹೇಳಿದ್ದಳೋ, ಎಷ್ಟು ಗೆಳತಿಯರಿಗೆ ಹೇಳಿದ್ದಳೋ. ಇಷ್ಟು ವರ್ಷ ಅವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ, ಅವಳು ನನ್ನನ್ನು ಮುಚ್ಚಿಡುತ್ತಿದ್ದಳು.

"ಕಬೋರ್ಡ್ ಅಲ್ಲ," ಅಂದೆ. "ನಾನು ಹೊಡೆದಿದ್ದು."

ಡಾಕ್ಟರಮ್ಮನ ಕೈ ನಿಂತಿತು. ನನ್ನನ್ನು ನೋಡಿದರು, ಅವಳ ಒಡೆದ ತುಟಿಯನ್ನು ನೋಡಿದರು. "ಹಾಗಾದ್ರೆ ನಾನು ಹಾಗೇ ಬರೀಬೇಕಾಗುತ್ತೆ," ಅಂದರು.

"ಬರೀರಿ."

ಮಗಳು ಹಾಸಿಗೆಯ ಮೇಲೆ ಎದ್ದು ಕೂತಳು. ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವಳು ನನ್ನ ಮೇಲೆ ಸಿಡಿದಳು. "ಎಲ್ರಿಗೂ ಹೇಳ್ತೀಯಾ! ಫ್ರೈಡೇ ಆಂಟಿ ಅಂಕಲ್‌ಗೆ ಹೇಳ್ದೆ, ನನ್ ಕ್ಲಾಸಿಗೆ ಹೇಳ್ದೆ, ಈಗ ಡಾಕ್ಟರಿಗೆ ಹೇಳ್ತೀಯಾ. ನಂಗೆ ಹೇಳಿದ್ಯಾ? ಒಂದ್ಸಲ ಆದ್ರೂ ನಂಗೆ ಹೇಳಿದ್ಯಾ ಅಮ್ಮ?"

ಇಲ್ಲ. ಹೊಡೆದ ಮೇಲೆ ಅವಳಿಷ್ಟದ ಶಾವಿಗೆ ಪಾಯಸ ಮಾಡಿದ್ದೇನೆ, ತಲೆ ಬಾಚಿದ್ದೇನೆ, ಮುಲಾಮು ಹಚ್ಚಿದ್ದೇನೆ. ಹೇಳಿರಲಿಲ್ಲ.

"ತಪ್ಪಾಯ್ತು ಪುಟ್ಟಿ," ಅಂದೆ. "ನಂದು ತಪ್ಪಾಯ್ತು. ಕೈಗೆ ಹೊಡೆದಿದ್ದೂ, ಇದೂ, ಎಲ್ಲಾನೂ."

ಅವಳು ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. "ನಾನು ಹೋಗ್ದೇ ಇರ್ಲಿ ಅಂತ ಹೇಳ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. "ಹೂಂ," ಅಂದೆ. "ಅದಕ್ಕೂ ಹೇಳ್ತಿದೀನಿ. ನಿಜವಾಗ್ಲೂ ಹೇಳ್ತಿದೀನಿ."

"ಹಂಗಾದ್ರೆ ಒತ್ತು."

ಫೋನು ನನ್ನ ಬ್ಯಾಗಿನಲ್ಲಿತ್ತು. ಬೆರಳಿಗೆ ಅವಳ ರಕ್ತ ಅಂಟಿದ್ದರಿಂದ ಫೋನಿನ ಲಾಕ್ ತೆರೆಯಲಿಲ್ಲ. ಸೀರೆಯ ಸೆರಗಿನಲ್ಲಿ ಬೆರಳೊರೆಸಿಕೊಂಡು ಮತ್ತೆ ಪ್ರಯತ್ನಿಸಿದೆ. ಬೇಸಿಗೆಯಿಂದ ನಾನು ಮುಟ್ಟದೆ ಬಿಟ್ಟಿದ್ದ ಆ ಸಂದೇಶವನ್ನು ಹುಡುಕಿದೆ. ಒಪ್ಪಿಗೆ ಅನ್ನುವುದನ್ನು ಒತ್ತಿದೆ. ಅವಳ ಕಡೆಗೆ ತಿರುಗಿಸಿ ತೋರಿಸಿದೆ. ಅವಳು ಓದಿ ನೋಡಿ, ಮಲಗಿಕೊಂಡು, "ಓಕೆ ಡಾಕ್ಟರ್," ಅಂದಳು.

ಮರಗಟ್ಟಿಸುವ ಸೂಜಿಯನ್ನು ಗಾಯದೊಳಕ್ಕೇ ಚುಚ್ಚಿದರು. ನನ್ನ ಮಗಳು ಕಿರುಚಿದಳು. ಕಟ್ಟಡವೇ ಹಾರಿಹೋಗುವ ಹಾಗೆ ಬಾಯಿ ತೆರೆದು ಕಿರುಚಿದಳು, ಹೊರಗೆ ಸರದಿಯಲ್ಲಿ ಕೂತಿದ್ದವರು ಎದ್ದು ಬಂದು ಬಾಗಿಲಲ್ಲಿ ಇಣುಕಿದರು. ನಮ್ಮ ಮನೆಯಲ್ಲಿ ಅತ್ತರೆ ಇನ್ನೊಂದು ಏಟು ಅಂತಿತ್ತು, ಮೊಣಕೈ ಮುರಿದ ದಿನವೂ ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಅವಳಿಗೆ ಇಷ್ಟು ದೊಡ್ಡ ಗಂಟಲಿದೆ ಅನ್ನುವುದು ಹೆತ್ತವಳಿಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚು ಅನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು. ಬಾಯಿ ಬಿಗಿಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ, ಅವಳು ಇನ್ನೊಂದು ಸಲ ಕಿರುಚಿದಳು.